ರಂಗನತಿಟ್ಟಿನ ಬಂಡೆ ಮೇಲೊಂದು ಮೊಸಳೆ: ಡಿಜಿಟಲ್ ಪೇಂಟಿಂಗ್, ಮೊದಲ ಗೆರೆಯಿಂದ ಪ್ರಿಂಟ್‌ವರೆಗೆ

ಕಾಡುಪ್ರಾಣಿಯ ಚಿತ್ರ ಬರೆಯಬೇಕು ಅಂದ ಕೂಡಲೇ ಎಲ್ಲರ ಕೈ ಹುಲಿ ಕಡೆಗೇ ಹೋಗುತ್ತದೆ. ಮೈಸೂರಿನವರಿಗೆ ನಾಗರಹೊಳೆ, ಕಬಿನಿ ದೂರವೇನಲ್ಲ. ಆದರೆ ಸಫಾರಿಗೆ ಹೋದವರಿಗೆಲ್ಲ ಹುಲಿ ಸಿಗುವುದಿಲ್ಲ, ಸಿಕ್ಕರೂ ಅರ್ಧ ನಿಮಿಷ. ಮನೆಗೆ ಬಂದು ಯಾರೋ ತೆಗೆದ ಫೋಟೊ ಮುಂದಿಟ್ಟುಕೊಂಡು ಬರೆಯುವುದೇ ಗತಿ. ಮೊಸಳೆ ಹಾಗಲ್ಲ. ಶ್ರೀರಂಗಪಟ್ಟಣದ ಪಕ್ಕ ರಂಗನತಿಟ್ಟಿಗೆ ಚಳಿಗಾಲದ ಬೆಳಿಗ್ಗೆ ಹೋದರೆ ಬಂಡೆ ಮೇಲೆ ಬಾಯಿ ತೆರೆದುಕೊಂಡು ಮಲಗಿರುತ್ತದೆ. ಅಲುಗಾಡುವುದಿಲ್ಲ, ಓಡುವುದಿಲ್ಲ. ಇಂಥ ಮಾಡೆಲ್ ಬೇರೆಲ್ಲಿ ಸಿಗಬೇಕು?

ಡಿಜಿಟಲ್ ವನ್ಯಜೀವಿ ಚಿತ್ರಗಳಲ್ಲಿ ನಾನು ಪದೇ ಪದೇ ನೋಡುವ ತೊಂದರೆ ಒಂದೇ. ಪ್ರಾಣಿ ಚೆನ್ನಾಗಿರುತ್ತದೆ, ಹಿನ್ನೆಲೆಯೂ ಚೆನ್ನಾಗಿರುತ್ತದೆ, ಎರಡಕ್ಕೂ ಸಂಬಂಧವೇ ಇರುವುದಿಲ್ಲ. ಆಟೋ ಹಿಂದೆ ಅಂಟಿಸಿದ ಸ್ಟಿಕ್ಕರ್ ಥರ ಪ್ರಾಣಿ ಮೇಲೆ ಕೂತಿರುತ್ತದೆ. ಚರ್ಮದ ಒಂದೊಂದು ಹುರುಪೆಯನ್ನೂ ಬರೆದರೆ ಇದು ಸರಿಹೋಗುವುದಿಲ್ಲ. ಬಂಡೆಗೆ, ನೀರಿಗೆ, ಮೊಸಳೆಗೆ ಒಂದೇ ಬಿಸಿಲು ಬೀಳಬೇಕು. ಮುಂದೆ ಹೇಳುವುದೆಲ್ಲ ಅದಕ್ಕಾಗಿಯೇ.

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ

ಸಾಫ್ಟ್‌ವೇರ್ ತೆರೆಯುವ ಮುಂಚೆ ಯಾವ ತಿಂಗಳು, ಎಷ್ಟು ಹೊತ್ತಿನ ಚಿತ್ರ ಅಂತ ನಿರ್ಧರಿಸಿ. ರಂಗನತಿಟ್ಟಿನಲ್ಲಿ ಇದು ತುಂಬಾ ಮುಖ್ಯ, ಏಕೆಂದರೆ ಹೊಳೆ ವರ್ಷವಿಡೀ ಒಂದೇ ಥರ ಇರುವುದಿಲ್ಲ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟರೆ ಬಂಡೆಗಳು ಮುಳುಗುತ್ತವೆ, ದೋಣಿಯೂ ನಿಲ್ಲುತ್ತದೆ. ಚಳಿಗಾಲ, ಬೇಸಿಗೆಯಲ್ಲಿ ಬಂಡೆ ಮೇಲೆದ್ದು ಕಾಣುತ್ತದೆ. ಮೊಸಳೆಯ ಮೈ ತಾನಾಗಿ ಬೆಚ್ಚಗಾಗುವುದಿಲ್ಲ, ಬಿಸಿಲು ಬೇಕು. ಹಾಗಾಗಿ ಚಳಿಗಾಲದ ಬೆಳಿಗ್ಗೆ ಬಂಡೆ ಏರುವುದು ಜಾಸ್ತಿ. ಬಿಸಿಲಲ್ಲಿ ಬಾಯಿ ತೆರೆದು ಮಲಗುವುದು ಸಿಟ್ಟಿನ ಗುರುತಲ್ಲ, ಮೈಶಾಖ ಹದದಲ್ಲಿಡುವ ರೀತಿ. ಚಿತ್ರದಲ್ಲಿ ಅದನ್ನು ಗರ್ಜಿಸುವ ರಾಕ್ಷಸನನ್ನಾಗಿ ಮಾಡಬೇಡಿ ಅನ್ನುವುದಕ್ಕೆ ಈ ಮಾತು.

ನಾನು ಇಲ್ಲಿ ಡಿಸೆಂಬರ್ ಬೆಳಿಗ್ಗೆ 9 ಗಂಟೆ ಅಂತ ಇಟ್ಟುಕೊಳ್ಳುತ್ತೇನೆ. ಆ ಹೊತ್ತಿಗೆ ನಮ್ಮ ಕಡೆ ಸೂರ್ಯ ಸುಮಾರು 30 ಡಿಗ್ರಿ ಮೇಲಿರುತ್ತಾನೆ. ಅಂದರೆ ಸಮತಟ್ಟು ಜಾಗದಲ್ಲಿ ಯಾವುದೇ ವಸ್ತುವಿನ ನೆರಳು ಅದರ ಎತ್ತರದ ಒಂದು ಮುಕ್ಕಾಲು ಪಟ್ಟು ಉದ್ದ ಬೀಳುತ್ತದೆ. ಈ ಒಂದು ಲೆಕ್ಕ ಕೈಯಲ್ಲಿದ್ದರೆ ಮೊಸಳೆಯ ನೆರಳು, ಬಂಡೆಯ ನೆರಳು, ಪಕ್ಕದ ಹಕ್ಕಿಯ ನೆರಳು ಎಲ್ಲ ಒಂದೇ ಅಳತೆಯಲ್ಲಿ ಬರುತ್ತವೆ. ನಡುಮಧ್ಯಾಹ್ನದ ಬಿಸಿಲು ಬೇಡ. ನೆರಳು ಹೊಟ್ಟೆ ಕೆಳಗೆ ಅಡಗಿಬಿಡುತ್ತದೆ, ಚಿತ್ರ ಚಪ್ಪಟೆಯಾಗುತ್ತದೆ.

ದೋಣಿಯಲ್ಲಿ ಏನು ನೋಡಬೇಕು

ಎಲ್ಲರೂ ಮೊಸಳೆಯನ್ನೇ ಜೂಮ್ ಮಾಡಿ ಹತ್ತಾರು ಫೋಟೊ ತೆಗೆಯುತ್ತಾರೆ. ನಿಮಗೆ ಬೇಕಾದದ್ದು ಮೂರು ಥರದ ಫೋಟೊ: ಇಡೀ ಜಾಗದ್ದು, ಪ್ರಾಣಿಯದ್ದು, ಮತ್ತು ಬಂಡೆ ನೀರಿಗೆ ಇಳಿಯುವ ಅಂಚಿನದ್ದು. ಮೂರನೆಯದನ್ನು ಯಾರೂ ತೆಗೆಯುವುದಿಲ್ಲ. ಮನೆಯಲ್ಲಿ ಕೂತು ಬರೆಯುವಾಗ ಕೈ ಕಟ್ಟಿಹಾಕುವುದು ಅದೇ ಜಾಗ. ದೋಣಿ ನಡೆಸುವವರನ್ನು "ಅಣ್ಣಾ, ಸ್ವಲ್ಪ ಬಿಸಿಲು ಪಕ್ಕದಿಂದ ಬೀಳೋ ಹಾಗೆ ನಿಲ್ಲಿಸ್ತೀರಾ" ಅಂತ ಕೇಳಿ ನೋಡಿ. ಹತ್ತಿರ ಹೋಗಿ ಅಂತ ಮಾತ್ರ ಕೇಳಬೇಡಿ. ಎದ್ದು ನೀರಿಗೆ ಇಳಿದ ಮೊಸಳೆಯಿಂದ ಚಿತ್ರಕ್ಕೆ ಏನೂ ಸಿಗುವುದಿಲ್ಲ.

ಫೋನಿನ ಕ್ಯಾಮೆರಾ ನೆರಳನ್ನು ಕಪ್ಪು ಮಾಡುತ್ತದೆ, ಇಲ್ಲವೇ ಬಿಸಿಲು ಬಿದ್ದ ಬಂಡೆಯನ್ನು ಬಿಳಿ ಹಾಳೆ ಮಾಡುತ್ತದೆ. ಕಣ್ಣಿಗೆ ಹಾಗೆ ಕಾಣುವುದಿಲ್ಲ. ನೆರಳಿನೊಳಗೆ ಯಾವ ಬಣ್ಣವಿದೆ ಅಂತ ಅಲ್ಲೇ ನೋಡಿ ಎರಡು ಪದ ಬರೆದಿಟ್ಟುಕೊಳ್ಳಿ. "ಬಂಡೆ ನೆರಳು ನೀಲಿ, ಹೊಟ್ಟೆ ಕೆಳಗೆ ಕಂದು" ಅಂದರೂ ಸಾಕು.

ಮೈ ರಚನೆಯನ್ನು ಹತ್ತಿರದಿಂದ ಅಭ್ಯಾಸ ಮಾಡಲು ಮೈಸೂರು ಮೃಗಾಲಯಕ್ಕೆ ಹೋಗಿ. ಮಂಗಳವಾರ ರಜೆ, ನೆನಪಿರಲಿ. ಪೆನ್ಸಿಲ್, ಸಣ್ಣ ಪುಸ್ತಕ ಸಾಕು. ಅಲ್ಲಿ ಉದ್ದ, ಸಪೂರ ಮೂತಿಯ ಘರಿಯಾಲ್ ಕೂಡ ಇರುತ್ತದೆ. ನಮ್ಮ ಕಾವೇರಿಯಲ್ಲಿರುವುದು ಅಗಲ ಮೂತಿಯ ಮಗ್ಗರ್ ಮೊಸಳೆ. ಎರಡನ್ನೂ ಬೆರೆಸಬೇಡಿ.

ಮೈಯ ಲೆಕ್ಕ

ತಲೆಯ ಉದ್ದವನ್ನು ಒಂದು ಅಳತೆ ಮಾಡಿಕೊಳ್ಳಿ. ಮೂತಿಯಿಂದ ಬಾಲದ ತುದಿವರೆಗೆ ಸುಮಾರು ಏಳು ತಲೆ. ಇದರಲ್ಲಿ ಅರ್ಧದ ಹತ್ತಿರ ಬಾಲವೇ. ಹೊಸಬರು ಬಾಲ ಗಿಡ್ಡ ಮಾಡುತ್ತಾರೆ, ಆಗ ಮೊಸಳೆ ದೊಡ್ಡ ಹಲ್ಲಿಯಾಗುತ್ತದೆ. ಮಗ್ಗರ್‌ನ ಮೂತಿ ಬುಡದಲ್ಲಿ ಎಷ್ಟು ಅಗಲವೋ ಅದರ ಒಂದೂಕಾಲರಿಂದ ಒಂದೂವರೆ ಪಟ್ಟು ಮಾತ್ರ ಉದ್ದ. ಬಾಯಿ ಮುಚ್ಚಿದ್ದರೂ ಕೆಳದವಡೆಯ ನಾಲ್ಕನೇ ಹಲ್ಲು ಹೊರಗೆ ಕಾಣುತ್ತದೆ. ಮೇಲ್ದವಡೆಯಲ್ಲಿ ಅದಕ್ಕೆಂದೇ ಒಂದು ಕಚ್ಚು ಇರುತ್ತದೆ. ದವಡೆಯ ಗೆರೆ ನೇರವಲ್ಲ, ಅಲೆ ಅಲೆಯಾಗಿ ಹೋಗಿ ಕಣ್ಣಿನ ಹಿಂದೆ ಮೇಲಕ್ಕೇಳುತ್ತದೆ. ಇದೊಂದು ಗೆರೆ ಸರಿ ಬಂದರೆ ಮುಕ್ಕಾಲು ಮುಖ ಬಂದ ಹಾಗೆ.

ಕತ್ತಿನ ಮೇಲೆ ನಾಲ್ಕು ದೊಡ್ಡ ಹುರುಪೆಗಳು ಚೌಕವಾಗಿ ಕೂತಿರುತ್ತವೆ, ಅವುಗಳ ಎರಡೂ ಪಕ್ಕ ಒಂದೊಂದು ಚಿಕ್ಕದು. ಅಲ್ಲಿಂದ ಸ್ವಲ್ಪ ಖಾಲಿ ಜಾಗ ಬಿಟ್ಟು ಬೆನ್ನಿನ ಸಾಲುಗಳು ಶುರು: ಅಡ್ಡಲಾಗಿ 16 ಅಥವಾ 17. ಬಾಲದ ಬುಡದಲ್ಲಿ ಎರಡು ಏಣು (ಹುರುಪೆಗಳ ಎದ್ದು ನಿಂತ ಅಂಚು), ಮುಂದೆ ಹೋಗುತ್ತಾ ಎರಡೂ ಸೇರಿ ಒಂದೇ ಏಣು. ಮುಂಗಾಲಿಗೆ ಐದು ಬೆರಳು, ಹಿಂಗಾಲಿಗೆ ನಾಲ್ಕು. ಮಲಗಿದಾಗ ಕಾಲು ಮೈಯ ಕೆಳಗೆ ಇರುವುದಿಲ್ಲ, ಪಕ್ಕಕ್ಕೆ ಚಾಚಿರುತ್ತದೆ. ಹೊಟ್ಟೆ ಬಂಡೆಗೆ ಒತ್ತಿ ಸ್ವಲ್ಪ ಅಗಲವಾಗಿರುತ್ತದೆ. ಮೊಸಳೆಗೆ ಭಾರ ಬರುವುದು ಈ ಒತ್ತಿದ ಗೆರೆಯಿಂದ.

ಫೈಲ್, ಬ್ರಷ್, ಲೇಯರ್

ನಾನು ಕ್ರಿಟಾ ಬಳಸುತ್ತೇನೆ. ದುಡ್ಡಿಲ್ಲದೆ ಸಿಗುತ್ತದೆ, ಪೇಂಟಿಂಗಿಗೆಂದೇ ಮಾಡಿದ್ದು. ಪ್ರೊಕ್ರಿಯೇಟ್, ಫೋಟೊಶಾಪ್, ಫೋನಿನಲ್ಲಿ ಇಬಿಸ್ ಪೇಂಟ್ ಇದ್ದರೂ ಹಂತಗಳು ಇವೇ. ಸ್ಕ್ರೀನ್ ಇಲ್ಲದ ಸಣ್ಣ ಪೆನ್ ಟ್ಯಾಬ್ಲೆಟ್ ಧಾರಾಳವಾಗಿ ಸಾಕು.

ಎ3 ಅಡ್ಡ ಹಾಳೆ, 300 ಪಿಪಿಐ (ಒಂದು ಇಂಚಿಗೆ 300 ಪಿಕ್ಸೆಲ್) ಅಂದರೆ 4961 × 3508 ಪಿಕ್ಸೆಲ್. ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆ ಇದ್ದ ಹಾಗೆ. ಪೂರ್ತಿ ತುಂಬಿದ ಒಂದು ಲೇಯರ್ ಸುಮಾರು 70 ಎಂಬಿ ಮೆಮೊರಿ ತಿನ್ನುತ್ತದೆ. ಹಳೇ ಲ್ಯಾಪ್‌ಟಾಪ್ ಆದರೆ ಅರ್ಧ ಅಳತೆಯಲ್ಲಿ ಶುರು ಮಾಡಿ, ವಿವರಕ್ಕೆ ಬಂದಾಗ ದೊಡ್ಡದು ಮಾಡಿಕೊಳ್ಳಿ. ಬಣ್ಣದ ಪ್ರೊಫೈಲ್ ಎಸ್‌ಆರ್‌ಜಿಬಿ ಇರಲಿ.

ಬ್ರಷ್ ಮೂರೇ: ಅಂಚು ಗಟ್ಟಿ ಇರುವ ಒಂದು, ಒರಟು ಡ್ರೈ ಬ್ರಷ್ ಒಂದು, ಬಣ್ಣ ಬೆರೆಸಲು ಸ್ಮಡ್ಜ್ ಒಂದು. ನೂರು ಬ್ರಷ್ ಡೌನ್‌ಲೋಡ್ ಮಾಡಿಕೊಂಡವರು ಬ್ರಷ್ ಹುಡುಕುತ್ತಲೇ ಸಂಜೆ ಕಳೆಯುತ್ತಾರೆ. ಮೊಸಳೆ ಚರ್ಮದ ರೆಡಿಮೇಡ್ ಬ್ರಷ್‌ಗಳೂ ಸಿಗುತ್ತವೆ. ನನ್ನ ಮಾತು ಕೇಳುವುದಾದರೆ ಮುಟ್ಟಬೇಡಿ. ಮೈ ಎಲ್ಲಿ ತಿರುಗುತ್ತದೆ ಅನ್ನುವುದು ಆ ಬ್ರಷ್‌ಗೆ ಗೊತ್ತಿಲ್ಲ.

ಲೇಯರ್ ಕೆಳಗಿನಿಂದ ಮೇಲಕ್ಕೆ: ದೂರದ ಮರ, ನೀರು, ಬಂಡೆ, ಮೊಸಳೆಯ ಗ್ರೂಪ್, ಎಲ್ಲಕ್ಕೂ ಮೇಲೆ ಹೊಳಪು. ಮೊಸಳೆಯ ಗ್ರೂಪಿನಲ್ಲಿ ಮೊದಲ ಲೇಯರ್ ಬರೀ ಆಕಾರ, ಒಂದೇ ಬಣ್ಣ. ಅದರ ಮೇಲಿನ ಲೇಯರ್‌ಗಳಿಗೆ ಇನ್‌ಹೆರಿಟ್ ಆಲ್ಫಾ ಒತ್ತಿ. ಆಗ ಬಣ್ಣ ಆಕಾರದ ಹೊರಗೆ ಹರಿಯುವುದಿಲ್ಲ. ಕ್ರಿಟಾದಲ್ಲಿ ಇದಕ್ಕೆ ಗ್ರೂಪ್ ಬೇಕೇ ಬೇಕು. ಗ್ರೂಪ್ ಮಾಡದಿದ್ದರೆ ಕೆಳಗಿನ ಎಲ್ಲ ಲೇಯರ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಹಿನ್ನೆಲೆ ತುಂಬಿರುವುದರಿಂದ ಏನೂ ಕತ್ತರಿಸಿದಂತೆ ಕಾಣುವುದಿಲ್ಲ. "ಒತ್ತಿದೆ, ಕೆಲಸ ಮಾಡ್ತಿಲ್ಲ" ಅನ್ನುವವರ ಸಮಸ್ಯೆ ಸಾಮಾನ್ಯವಾಗಿ ಇದೇ.

ಬೆಂಕಿಪೊಟ್ಟಣದಷ್ಟು ಸಣ್ಣ ಚಿತ್ರಗಳು

ದೊಡ್ಡ ಕ್ಯಾನ್ವಾಸಿಗೆ ಕೈ ಹಾಕುವ ಮುಂಚೆ ಸಣ್ಣ ಚೌಕಗಳಲ್ಲಿ ನಾಲ್ಕೈದು ಜೋಡಣೆ ಮಾಡಿ ನೋಡಿ. ನಾಲ್ಕೇ ಬೂದು ಛಾಯೆ. ನಮ್ಮ ದೃಶ್ಯದಲ್ಲಿ ಎಲ್ಲಕ್ಕಿಂತ ತಿಳಿಯಾದದ್ದು ಬಂಡೆಯ ಬಿಸಿಲು ಮುಖ. ಅದಾದ ಮೇಲೆ ಆಕಾಶ ಬಿಂಬಿಸುವ ನೀರು. ಮೊಸಳೆ ಮಧ್ಯದಲ್ಲಿ. ಕಡುಗಪ್ಪು ಎರಡೇ ಕಡೆ: ಮೊಸಳೆ ಹೊಟ್ಟೆಯ ಕೆಳಗೆ, ಮತ್ತು ದಡದ ಮರಗಳ ಬುಡದಲ್ಲಿ. ತಿಳಿ ಬಂಡೆ ಮೇಲೆ ಕಡು ಮೊಸಳೆ, ನೋಡುವವರ ಕಣ್ಣು ತಾನೇ ಅಲ್ಲಿಗೆ ಹೋಗುತ್ತದೆ.

ಮೊಸಳೆಯನ್ನು ಪೂರ್ತಿ ಪಕ್ಕದಿಂದ ತೋರಿಸಿದರೆ ಶಾಲಾ ಪುಸ್ತಕದ ಚಿತ್ರ ಆಗುತ್ತದೆ. ತಲೆ ನಮ್ಮ ಕಡೆಗೆ ಓರೆಯಾಗಿ, ಬಾಲ ಬಂಡೆಯ ಹಿಂದೆ ಇಳಿದು ತುದಿ ನೀರಿನಲ್ಲಿರಲಿ. ಪ್ರಾಣಿ ಆ ಜಾಗಕ್ಕೆ ಸೇರಿದ್ದು ಅನ್ನಿಸಲು ಇಷ್ಟು ಮರೆಯಾದರೂ ಸಾಕು.

ಬಣ್ಣ

ಮೊದಲು ಪೂರ್ತಿ ಚಿತ್ರವನ್ನು ಬೂದು ಛಾಯೆಯಲ್ಲಿ ಮುಗಿಸಿ ಆಮೇಲೆ ಮೇಲಿಂದ ಬಣ್ಣ ಹಾಕುವ ವಿಧಾನ ಬಹಳ ಜನ ಹೇಳಿಕೊಡುತ್ತಾರೆ. ನನಗೆ ಅದು ಇಷ್ಟವಿಲ್ಲ. ಬಿಸಿಲಿಗೂ ನೆರಳಿಗೂ ಒಂದೇ ಬಣ್ಣದ ತಿಳಿ-ಗಾಢ ಬರುತ್ತದೆ, ಚಿತ್ರ ಕಲರ್ ಮಾಡಿದ ಹಳೇ ಸಿನಿಮಾದಂತೆ ಸಪ್ಪೆ. ಸಣ್ಣ ಚಿತ್ರ ಬೂದು ಛಾಯೆಯಲ್ಲಿರಲಿ, ದೊಡ್ಡದನ್ನು ನೇರ ಬಣ್ಣದಲ್ಲೇ ಹಿಡಿಯಿರಿ.

ಬೆಳಗಿನ ಬಿಸಿಲು ಬೆಚ್ಚಗಿನ ಹಳದಿ, ನೆರಳಿಗೆ ಆಕಾಶದ ನೀಲಿ ಬೆಳಕು. ನಾನು ಶುರು ಮಾಡುವ ಆರ್‌ಜಿಬಿ (ಕ್ರಮವಾಗಿ ಕೆಂಪು, ಹಸಿರು, ನೀಲಿ) ಅಂಕಿಗಳನ್ನು ಕೊಡುತ್ತೇನೆ, ನಿಮ್ಮ ಫೋಟೊ, ಟಿಪ್ಪಣಿ ನೋಡಿಕೊಂಡು ಬದಲಿಸಿಕೊಳ್ಳಿ. ಬಿಸಿಲು ಬಂಡೆ 196, 178, 150. ನೆರಳಿನ ಬಂಡೆ 96, 98, 110. ಮೊಸಳೆಯ ಬಿಸಿಲು ಬೆನ್ನು 132, 122, 92. ಅದರ ನೆರಳು ಮೈ 60, 60, 56. ಮರದ ಬಿಂಬ ಬಿದ್ದ ನೀರು 62, 74, 50. ಆಕಾಶದ ಬಿಂಬ 150, 164, 168. ಈ ಆರೇ ಬಣ್ಣದಲ್ಲಿ, ದೊಡ್ಡ ಬ್ರಷ್‌ನಲ್ಲಿ ಇಡೀ ಕ್ಯಾನ್ವಾಸ್ ಮುಚ್ಚಿ. ಬಿಳಿ ಜಾಗ ಎಲ್ಲೂ ಉಳಿಯಬಾರದು. ಮುಂದಿನ ಬಣ್ಣಗಳನ್ನು ಕಂಟ್ರೋಲ್ ಒತ್ತಿ ಕ್ಯಾನ್ವಾಸಿನಿಂದಲೇ ಎತ್ತಿಕೊಳ್ಳಿ. ಮೊಸಳೆಯ ಕಂದು ಬಂಡೆಯ ನೆರಳಿಗೆ ಸ್ವಲ್ಪ, ಬಂಡೆಯ ಬೂದು ಮೊಸಳೆಯ ಬೆನ್ನಿಗೆ ಸ್ವಲ್ಪ. ಹೀಗೆ ಬಣ್ಣ ಓಡಾಡಿದರೆ ಸ್ಟಿಕ್ಕರ್ ರೋಗ ಅರ್ಧ ವಾಸಿ.

ಬಂಡೆ ಮತ್ತು ನೀರು

ಬಂಡೆಯನ್ನು ಉಂಡೆಯಾಗಿ ಬರೆಯಬೇಡಿ. ಮೇಲ್ಮುಖ, ಬಿಸಿಲಿನ ಪಕ್ಕ, ನೆರಳಿನ ಪಕ್ಕ ಅಂತ ಮೂರು ಮುಖಗಳನ್ನು ಗಟ್ಟಿ ಬ್ರಷ್‌ನಲ್ಲಿ ಕಡಿದ ಹಾಗೆ ಇಡಿ, ಅಂಚುಗಳನ್ನು ಆಮೇಲೆ ಅಲ್ಲಲ್ಲಿ ಮೆತ್ತಗೆ ಮಾಡಿ. ಒರಟುತನಕ್ಕೆ ಡ್ರೈ ಬ್ರಷ್ ಬಿಸಿಲು ನೆರಳು ಸೇರುವ ಗೆರೆಯಲ್ಲಿ ಮಾತ್ರ. ಪೂರ್ತಿ ಬಿಸಿಲಲ್ಲೂ ಪೂರ್ತಿ ನೆರಳಲ್ಲೂ ಒರಟು ಅಷ್ಟಾಗಿ ಕಾಣುವುದೇ ಇಲ್ಲ. ಹಕ್ಕಿಗಳ ಹಿಕ್ಕೆಯ ಬಿಳಿ ಪಟ್ಟೆಗಳನ್ನು ಮರೆಯಬೇಡಿ. ಅದಿಲ್ಲದಿದ್ದರೆ ರಂಗನತಿಟ್ಟು ಅಂತ ಯಾರೂ ನಂಬುವುದಿಲ್ಲ. ಆದರೆ ನೆರಳಿನಲ್ಲಿರುವ ಹಿಕ್ಕೆ ಬಿಳಿಯಲ್ಲ, ನೀಲಿ ಬೂದು.

ನೀರಿಗೆ ತಾಗುವ ಅಂಚಿನಲ್ಲಿ ಬಂಡೆ ಒದ್ದೆಯಾಗಿರುತ್ತದೆ. ಒದ್ದೆ ಕಲ್ಲು ಒಣ ಕಲ್ಲಿಗಿಂತ ಕಪ್ಪು, ಬಣ್ಣವೂ ಗಾಢ. ಒಂದು ತೆಳು ಕಡು ಪಟ್ಟೆ, ಅದರ ಕೆಳಗೆ ಅಲ್ಲಲ್ಲಿ ಕಡಿದುಹೋದ ಒಂದು ಬೆಳ್ಳನೆ ಗೆರೆ. ಇಷ್ಟು ಬಂದರೆ ಬಂಡೆ ನೀರಿನಲ್ಲಿ ಕೂರುತ್ತದೆ.

ಈಗ ನೀರು. ಬಿಂಬ ಬೇರೆ, ನೆರಳು ಬೇರೆ. ಬಿಂಬ ಯಾವಾಗಲೂ ವಸ್ತುವಿನಿಂದ ನೇರ ಕೆಳಕ್ಕೆ, ನಮ್ಮ ಕಡೆಗೆ ಬೀಳುತ್ತದೆ. ನೆರಳು ಸೂರ್ಯನ ಎದುರು ದಿಕ್ಕಿಗೆ. ಎಡದಿಂದ ಬಿಸಿಲು ಇದ್ದರೆ ಬಂಡೆಯ ನೆರಳು ಬಲಕ್ಕೆ ಹೋಗುತ್ತದೆ, ಬಿಂಬ ಮಾತ್ರ ಅಲ್ಲೇ ಕೆಳಗಿರುತ್ತದೆ. ಎಷ್ಟೋ ಚಿತ್ರಗಳಲ್ಲಿ ಎರಡೂ ಸೇರಿ ಒಂದು ಕಪ್ಪು ಮುದ್ದೆ ಆಗಿರುತ್ತದೆ. ಕಾವೇರಿ ನೀರಿನಲ್ಲಿ ಮಣ್ಣು, ಪಾಚಿ ಬೆರೆತಿರುವುದರಿಂದ ನೆರಳು ನೀರಿನ ಮೇಲೆ ತುಸು ಕಾಣುತ್ತದೆ. ತಿಳಿನೀರಾಗಿದ್ದರೆ ಹೀಗೆ ಕಾಣುತ್ತಿರಲಿಲ್ಲ.

ಬಿಂಬದಲ್ಲಿ ಕಡು ವಸ್ತು ಸ್ವಲ್ಪ ತಿಳಿಯಾಗುತ್ತದೆ, ತಿಳಿ ವಸ್ತು ಸ್ವಲ್ಪ ಗಾಢವಾಗುತ್ತದೆ. ಹಾಗಾಗಿ ಬಂಡೆಯ ಲೇಯರ್ ನಕಲು ಮಾಡಿ ತಲೆಕೆಳಗೆ ತಿರುಗಿಸಿ ಅಂಟಿಸಿದರೆ ಕೆಲಸ ಮುಗಿಯಲಿಲ್ಲ. ಬಿಂಬದಲ್ಲಿ ಕಾಣುವುದು ಬಂಡೆಯ ಅಡಿಭಾಗ, ನಮಗೆ ನೇರವಾಗಿ ಕಾಣುವ ಮೇಲ್ಮುಖ ಅಲ್ಲ. ನಕಲು ಮಾಡಿದ್ದನ್ನು ಅಂದಾಜಿಗೆ ಇಟ್ಟುಕೊಳ್ಳಿ, ಮೇಲೆ ಕೈಯಲ್ಲೇ ಬರೆಯಿರಿ. ಮೊದಲು ಉದ್ದುದ್ದ ಗೆರೆ ಎಳೆದು ಬಿಂಬ ಕೂರಿಸಿ, ಆಮೇಲೆ ಅಡ್ಡ ಗೆರೆಗಳಿಂದ ಅದನ್ನು ಕಡಿಯಿರಿ. ಅಡ್ಡ ಗೆರೆಗಳು ಹತ್ತಿರದಲ್ಲಿ ದಪ್ಪ, ವಿರಳ. ದೂರ ಹೋದಂತೆ ಸಣ್ಣ, ಒತ್ತೊತ್ತು. ದೂರದ ನೀರು ಆಕಾಶವನ್ನೇ ಜಾಸ್ತಿ ಬಿಂಬಿಸುತ್ತದೆ, ಕಾಲಬುಡದ ನೀರಿನಲ್ಲಿ ಹಸಿರು ಆಳ ಕಾಣುತ್ತದೆ.

ಮೊಸಳೆ

ಹುರುಪೆ ಬರೆಯಲು ಕೈ ಕಡಿಯುತ್ತಿರುತ್ತದೆ, ಗೊತ್ತು. ಇನ್ನೂ ಸ್ವಲ್ಪ ತಡೆಯಿರಿ. ಮೊದಲು ಮೈಯನ್ನು ನುಣ್ಣಗಿನ ದಿಮ್ಮಿ ಅಂತ ತಿಳಿದು ಬಿಸಿಲು, ನೆರಳು ಮಾತ್ರ ಹಾಕಿ. ಬೆನ್ನಿನ ಮೇಲ್ಭಾಗಕ್ಕೆ ಆಕಾಶದ ತಣ್ಣನೆ ಬೆಳಕು, ಎಡಪಕ್ಕಕ್ಕೆ ಬಿಸಿಲು, ಬಲಪಕ್ಕ ನೆರಳು. ನೆರಳಿನ ಕೆಳಭಾಗದಲ್ಲಿ, ಹೊಟ್ಟೆಯ ಹತ್ತಿರ, ಬಿಸಿಲು ಬಂಡೆಯಿಂದ ಪುಟಿದ ಬೆಚ್ಚಗಿನ ಬೆಳಕು ತಾಗುತ್ತದೆ. ಹೊಟ್ಟೆಯ ಚರ್ಮ ಹಳದಿ ಬೆರೆತ ಬಿಳಿ, ಆದ್ದರಿಂದ ಈ ಬೆಳಕು ಅಲ್ಲಿ ಚೆನ್ನಾಗಿ ಕಾಣುತ್ತದೆ. ಮೊಸಳೆಯನ್ನು ಬಂಡೆಗೆ ಕಟ್ಟಿಹಾಕುವುದು ಇದೇ ಪುಟಿದ ಬೆಳಕು. ಅದರ ಕೆಳಗೆ, ಹೊಟ್ಟೆ ಬಂಡೆಗೆ ಒತ್ತಿದಲ್ಲಿ, ಚಿತ್ರದ ಅತ್ಯಂತ ಕಡು ಗೆರೆ. ಒಂದೇ ದಪ್ಪ ಬೇಡ. ಹೊಟ್ಟೆಯ ಕೆಳಗೆ ಸಪೂರ, ಮೊಣಕಾಲಿನ ಸಂದಿಯಲ್ಲಿ ಅಗಲ.

ಇಷ್ಟಾದ ಮೇಲೆ ಕಣ್ಣು ಕಿರಿದು ಮಾಡಿ ನೋಡಿ. ಹುರುಪೆ ಇಲ್ಲದೆಯೇ ಮೊಸಳೆ ಅಂತ ಗೊತ್ತಾಗುತ್ತಿದೆ ಅಲ್ವಾ? ಇಲ್ಲ ಅನ್ನಿಸಿದರೆ ಇಲ್ಲೇ ನಿಂತು ಆಕಾರ ತಿದ್ದಿ. ಟ್ರಾನ್ಸ್‌ಫಾರ್ಮ್ ಟೂಲಿನ ಲಿಕ್ವಿಫೈ ಬಳಸಿದರೆ ದವಡೆ, ಬಾಲ ಸುಲಭವಾಗಿ ಸರಿಯುತ್ತವೆ.

ಈಗ ಹುರುಪೆ. ಹೊಸ ಲೇಯರ್‌ನಲ್ಲಿ ಮೈಯನ್ನು ಸುತ್ತಿ ಹೋಗುವ ಬಾಗು ಗೆರೆಗಳನ್ನು ಎಳೆಯಿರಿ, ಬೆನ್ನಿನ 16 ಸಾಲಿಗೆ 16 ಗೆರೆ. ನಮ್ಮ ಕಡೆ ಇರುವ ಭಾಗದಲ್ಲಿ ಗೆರೆಗಳ ನಡುವೆ ಅಂತರ ಜಾಸ್ತಿ, ಆಚೆ ಹೋದಂತೆ ಕಡಿಮೆ. ಈ ಗೆರೆಗಳ ಮೇಲೆ ಏಣುಗಳನ್ನು ಕೂರಿಸಿ. ಒಂದೊಂದು ಏಣಿಗೆ ಮೂರೇ ಗೀಟು: ಬಿಸಿಲು ಪಕ್ಕ ತಿಳಿ, ಇನ್ನೊಂದು ಪಕ್ಕ ಕಡು, ಪಕ್ಕದ ಹುರುಪೆ ಮೇಲೆ ಬೀಳುವ ಪುಟ್ಟ ನೆರಳು. ಇದನ್ನು ಪೂರ್ತಿಯಾಗಿ ಮಾಡುವುದು ಕತ್ತಿನಿಂದ ಭುಜದವರೆಗೆ ಮಾತ್ರ. ನಡುಬೆನ್ನಿಗೆ ಬಂದಾಗ ಎರಡು ಗೀಟು, ಬಾಲದಲ್ಲಿ ಏಣಿನ ಅಂಚು ಮಾತ್ರ. ನೆರಳಿನ ಪಕ್ಕದಲ್ಲಿ ಅಲ್ಲೊಂದು ಇಲ್ಲೊಂದು. ಎಲ್ಲವನ್ನೂ ಬರೆದರೆ ಕಣ್ಣಿಗೆ ಕೂರಲು ಜಾಗವೇ ಇರುವುದಿಲ್ಲ. ಪಕ್ಕೆಯ ಚರ್ಮದಲ್ಲಿ ಹುರುಪೆ ಸಣ್ಣದು, ದುಂಡು, ಮಧ್ಯೆ ಮಡಿಕೆಗಳು. ಅಲ್ಲಿಗೆ ಡ್ರೈ ಬ್ರಷ್ ಸಾಕು.

ನೀರಿನಿಂದ ಈಗಷ್ಟೇ ಎದ್ದ ಮೊಸಳೆಯಾದರೆ ಮೈ ಕಪ್ಪಗೆ ಹೊಳೆಯುತ್ತದೆ. ಒಣಗಿದ ಮೈ ಮಂಕು, ಮಣ್ಣು ಬಣ್ಣ. ಬೆನ್ನು ಒಣಗಿ ಬಾಲ ಇನ್ನೂ ಒದ್ದೆ ಇರುವ ಹಾಗೆ ಮಾಡಿ ನೋಡಿ, ಒಂದೇ ಪ್ರಾಣಿಯಲ್ಲಿ ಎರಡು ಥರದ ಮೇಲ್ಮೈ ಸಿಗುತ್ತದೆ. ನನಗಂತೂ ಈ ಚಿತ್ರದಲ್ಲಿ ತುಂಬಾ ಖುಷಿ ಕೊಡುವ ಭಾಗ ಇದು.

ಕಣ್ಣಿಗೆ ಹಸಿರು ಬೆರೆತ ಕಂದು. ಪಾಪೆ ನೆಟ್ಟಗಿನ ಸೀಳು, ಬಿಸಿಲಲ್ಲಿ ಇನ್ನೂ ಸಪೂರ. ಮೇಲಿನ ರೆಪ್ಪೆಯ ಎಲುಬಿನ ಅಂಚು ಕಣ್ಣಿನ ಮೇಲೆ ನೆರಳು ಹಾಕುತ್ತದೆ. ಆ ನೆರಳು ಬಿಟ್ಟರೆ ಕಣ್ಣು ಗೋಲಿಯಾಗುತ್ತದೆ. ಹೊಳಪಿನ ಚುಕ್ಕೆ ಒಂದೇ, ಸೂರ್ಯ ಇರುವ ಪಕ್ಕದಲ್ಲಿ. ತೆರೆದ ಬಾಯಿಯ ಒಳಗೆ ಹಳದಿ ಬೆರೆತ ತಿಳಿ ಗುಲಾಬಿ, ರಕ್ತಗೆಂಪು ಅಲ್ಲ. ಹಲ್ಲು ಬಿಳಿಯಲ್ಲ, ಮಾಸಿದ ದಂತದ ಬಣ್ಣ. ಅವು ಒಂದೇ ಸಮ ಇರುವುದಿಲ್ಲ, ಒಂದೆರಡು ಮುರಿದಿರಲಿ.

ಹಿನ್ನೆಲೆ

ಇಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ದಡದಲ್ಲಿ ಹೊಳೆಮತ್ತಿ, ಬಿದಿರು, ಕೇದಗೆ ಇರುತ್ತವೆ. ಬಿದಿರಿನ ಬಾಗು, ಮತ್ತಿಯ ಗುಂಡು ತಲೆ ಇವೆರಡರ ಹೊರಗೆರೆ ಸಿಕ್ಕರೆ ಸಾಕು, ಎಲೆ ಬರೆಯಬೇಕಿಲ್ಲ. ದೂರದ ಹಸಿರಿಗೆ ಸ್ವಲ್ಪ ಬೂದು ಬೆರೆಸಿ. ತೆಂಗು ಬೇಡ, ಫೋಟೊದಲ್ಲಿದ್ದರೂ ಬಿಡಿ. ತೋಟದ ನೋಟ ಬಂದುಬಿಡುತ್ತದೆ.

ಹಾಗಂತ ಈ ಜಾಗ ಮನುಷ್ಯರ ಕೈ ಮುಟ್ಟದ್ದೇನಲ್ಲ. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಗಟ್ಟೆ ಕಟ್ಟಿದಾಗ ಈ ನಡುಗಡ್ಡೆಗಳು ಆದವು. ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಅರಸರಿಗೆ ಹೇಳಿ 1940ರಲ್ಲಿ ಪಕ್ಷಿಧಾಮ ಆಯಿತು. 2022ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೂ ಸೇರಿತು. ಹಕ್ಕಿಗಳ ಜಾಗ ಅನ್ನುವುದು ಚಿತ್ರದಲ್ಲಿ ಕಾಣಬೇಕು. ದೂರದ ಇನ್ನೊಂದು ಬಂಡೆ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವ ಒಂದು ನೀರುಕಾಗೆ ಸಾಕು. ಮೊಸಳೆ ಎಷ್ಟು ದೊಡ್ಡದು ಅನ್ನುವುದೂ ಗೊತ್ತಾಗುತ್ತದೆ. ಅದರ ಕಪ್ಪು ಮೊಸಳೆಯ ಹೊಟ್ಟೆ ಕೆಳಗಿನ ಕಪ್ಪಿಗಿಂತ ತಿಳಿಯಾಗಿರಲಿ.

ಪರೀಕ್ಷೆ, ಪ್ರಿಂಟ್

ಎಲ್ಲಕ್ಕಿಂತ ಮೇಲೆ ಒಂದು ಲೇಯರ್ ಮಾಡಿ ಕಪ್ಪು ತುಂಬಿ, ಬ್ಲೆಂಡಿಂಗ್ ಮೋಡ್ (ಲೇಯರ್ ತನ್ನ ಕೆಳಗಿನವುಗಳ ಜೊತೆ ಬೆರೆಯುವ ರೀತಿ) ಕಲರ್ ಅಂತ ಇಡಿ. ಚಿತ್ರ ಕಪ್ಪು-ಬಿಳುಪಾಗಿ ಕಾಣುತ್ತದೆ. ಸಣ್ಣ ಚೌಕದಲ್ಲಿ ಮಾಡಿದ ನಾಲ್ಕು ಛಾಯೆಗಳ ಪಕ್ಕ ಇಟ್ಟು ನೋಡಿ. ಬಣ್ಣದ ಮೋಹದಲ್ಲಿ ಮೊಸಳೆ ಬಂಡೆಯಷ್ಟೇ ತಿಳಿಯಾಗಿಬಿಟ್ಟಿರುವುದು ಇಲ್ಲಿ ಸಿಕ್ಕಿಬೀಳುತ್ತದೆ. ನೋಡಿದ ಮೇಲೆ ಆ ಲೇಯರ್ ಮುಚ್ಚಿಡಿ. ಕೀಬೋರ್ಡಿನಲ್ಲಿ ಎಂ ಒತ್ತಿದರೆ ಕ್ರಿಟಾ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ತೋರಿಸುತ್ತದೆ. ದವಡೆ ಸೊಟ್ಟ ಇದ್ದರೆ ಆಗ ಗೊತ್ತಾಗುತ್ತದೆ.

ಪ್ರತಿ ಹಂತವನ್ನೂ ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಫೈಲ್ ಮೆನುವಿನ ಸೇವ್ ಇನ್‌ಕ್ರಿಮೆಂಟಲ್ ವರ್ಷನ್ ಇದಕ್ಕೇ ಇರುವುದು. ಆನ್‌ಲೈನ್ ಹಾಕಲು ಉದ್ದ ಬದಿ 2048 ಪಿಕ್ಸೆಲ್‌ನ ಜೆಪೆಗ್ ಸಾಕು, ಮೂಲ ಅಳತೆಯನ್ನು ಯಾರಿಗೂ ಸುಮ್ನೆ ಕೊಡಬೇಡಿ. ಪ್ರಿಂಟಿಗೆ ಪಿಎನ್‌ಜಿ ಅಥವಾ ಟಿಫ್. ಕಾಗದದ ಮೇಲೆ ಹಸಿರು ಮಂಕಾಗುತ್ತದೆ, ನೆರಳುಗಳು ಕೂಡಿಕೊಂಡು ಕಪ್ಪಾಗುತ್ತವೆ. ಹಾಗಾಗಿ ಪ್ರಿಂಟಿನ ಪ್ರತಿಯಲ್ಲಿ ನೆರಳನ್ನು ಒಂದು ಚೂರು ತಿಳಿ ಮಾಡಿಡಿ. ಅಂಗಡಿಗೆ ಹೋದಾಗ ಮೊದಲೇ ಎ3 ತೆಗೆಸಬೇಡಿ. ಕಣ್ಣು, ಹೊಟ್ಟೆ ಕೆಳಗಿನ ನೆರಳು, ಒದ್ದೆ ಅಂಚು ಈ ಮೂರು ತುಂಡುಗಳನ್ನು ನಿಜ ಅಳತೆಯಲ್ಲೇ ಒಂದು ಎ4 ಹಾಳೆಯಲ್ಲಿ ಜೋಡಿಸಿ, ಮ್ಯಾಟ್ ಕಾಗದದ ಮೇಲೆ ತೆಗೆಸಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡಿ ಒಪ್ಪಬೇಡಿ, ಹೊರಗೆ ಬಾಗಿಲಿಗೆ ತಂದು ಹಗಲು ಬೆಳಕಿನಲ್ಲಿ ನೋಡಿ. ಹೊಟ್ಟೆ ಕೆಳಗಿನ ಕಪ್ಪಿನೊಳಗೆ ಪುಟಿದ ಬೆಳಕು ಇನ್ನೂ ಕಾಣುತ್ತಿದ್ದರೆ ಪೂರ್ತಿ ಚಿತ್ರ ತೆಗೆಸಬಹುದು.